ಹುಳ ಹಣ್ಣಾಗುವವರೆಗೆ ಬಿಟ್ಟ ಮಾತ್ರೆ

ಇದನ್ನು ಹೇಳುವುದನ್ನು ನಾನು ಬಹಳ ದಿನಗಳಿಂದ ಮುಂದೂಡುತ್ತ ಬಂದಿದ್ದೇನೆ. ಮೊದಲು ಈ ಬೆಳೆ ಮುಗಿಯಲಿ ಎಂದೆ. ಆಮೇಲೆ ಕಣ್ಣಿನ ಪೊರೆ ತೆಗೆಸಿಕೊಳ್ಳೋಣ, ಕಣ್ಣು ಸರಿಯಾದ ಮೇಲೆ ಬರೆಯೋಣ ಎಂದೆ. ಅದೂ ಆಯಿತು. ಈಗ ಕಣ್ಣು ಚೆನ್ನಾಗಿ ಕಾಣುತ್ತದೆ, ಮನೆಯಲ್ಲಿ ಕೆಲಸವಿಲ್ಲ, ಮಾತಾಡಿಸುವವರೂ ಇಲ್ಲ. ಹೇಳಿಕೊಳ್ಳಲು ನೆಪಗಳು ಉಳಿದಿಲ್ಲ. ನಾನು ಎಸ್ಸೆಸ್ಸೆಲ್ಸಿಯವರೆಗೆ ಓದಿದವನು. ಹಾಲಿನ ಸೊಸೈಟಿಗೆ ಅರ್ಜಿ ಬರೆದುಕೊಡಿ ಎಂದು ಊರಿನವರು ಬರುತ್ತಿದ್ದರು, ಬರೆದು ಗೊತ್ತಿರುವುದು ಅಷ್ಟೇ. ಹಾಗಾಗಿ ಅರ್ಜಿ ಬರೆದಂತೆಯೇ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ನಮ್ಮೂರು ಜಂಗಮಕೋಟೆಗೆ ಮೂರು ಮೈಲಿ. ಮನೆಯ ಹಿಂದೆ ಹಿಪ್ಪುನೇರಳೆ ತೋಟ, ತೋಟದ ಅಂಚಿಗೆ ರೇಷ್ಮೆ ಹುಳು ಸಾಕುವ ಮನೆ. ನನ್ನ ಹೆಂಡತಿ ಮದುವೆಯಾಗಿ ಆರು ವರ್ಷಕ್ಕೇ ತೀರಿಕೊಂಡಳು, ಮಕ್ಕಳಾಗಲಿಲ್ಲ. ಅಪ್ಪ ಅಮ್ಮ ಹೋದ ಮೇಲೆ ಮನೆಯಲ್ಲಿ ಉಳಿದವರು ನಾನು ಮತ್ತು ನನಗಿಂತ ಒಂಬತ್ತು ವರ್ಷ ಚಿಕ್ಕವಳಾದ ತಂಗಿ. ಅವಳನ್ನು ಮನೆಯಲ್ಲಿ ಎಲ್ಲರೂ ಅಮ್ಮಣ್ಣಿ ಎಂದೇ ಕರೆಯುತ್ತಿದ್ದೆವು. ಹನ್ನೊಂದನೇ ವಯಸ್ಸಿನಲ್ಲಿ ಅವಳಿಗೆ ಮೊದಲ ಸಲ ಫಿಟ್ಸ್ ಬಂತು. ಚಿಂತಾಮಣಿ ಕಡೆಯಿಂದ ಒಂದು ಸಂಬಂಧ ಬಂದಾಗ ನಮ್ಮಪ್ಪ ಏನನ್ನೂ ಮುಚ್ಚಿಡದೆ ಹೇಳಿದರು. ಬಂದವರು ಕಾಫಿ ಕುಡಿದು, ನಮ್ಮ ತೋಟವನ್ನು ಹೊಗಳಿ, ಹೋದರು. ಮತ್ತೆ ಬರಲಿಲ್ಲ.

"ಒಳ್ಳೇದೇ ಆಯ್ತು ಕಣಣ್ಣ. ಆ ಮನೇಲಿ ಹುಳ ಸಾಕಲ್ವಂತೆ. ಅಲ್ಲೋಗಿ ನಾನೇನು ಗೋಡೆ ನೋಡ್ಕೊಂಡು ಕೂತಿರ್ಲಾ?" ಎಂದು ಅವಳು ನಕ್ಕಿದ್ದಳು.

ಹುಳದ ವಿಷಯದಲ್ಲಿ ಅವಳ ಕೈಯಂಥ ಕೈಯನ್ನು ನಾನು ಶಿಡ್ಲಘಟ್ಟ ತಾಲ್ಲೂಕಿನಲ್ಲೇ ಕಂಡಿಲ್ಲ. ಬಾಗಿಲು ತೆರೆದು ಒಳಗೆ ಕಾಲಿಟ್ಟರೆ ಸಾಕು, ಸೊಪ್ಪು ತಿನ್ನುವ ಸದ್ದು ಕೇಳಿಯೇ ಹುಳ ಹಸಿದಿದೆಯೋ, ಜ್ವರಕ್ಕೆ ಕೂರುತ್ತಿದೆಯೋ ಹೇಳುತ್ತಿದ್ದಳು. ಹುಳ ಪೊರೆ ಬಿಡುವ ಮುಂಚೆ ಮೇವು ಬಿಟ್ಟು ತಲೆಯೆತ್ತಿ ಸುಮ್ಮನಿರುವುದನ್ನು ನಾವು ಜ್ವರ ಎನ್ನುತ್ತೇವೆ. ಅಂಥ ನಾಲ್ಕು ಜ್ವರ ಕಳೆದ ಮೇಲಿನ ಕೊನೆಯ ವಾರದಲ್ಲಿ ಹುಳಕ್ಕೆ ವಿಪರೀತ ಹಸಿವು. ಹಗಲು ರಾತ್ರಿ ಸೊಪ್ಪು ಹಾಕಬೇಕು. ಆಮೇಲೆ ಒಂದು ದಿನ ಹುಳ ಹಣ್ಣಾಗುತ್ತದೆ. ಮೈ ತಿಳಿಯಾಗಿ, ಗೂಡು ಕಟ್ಟಲು ಜಾಗ ಹುಡುಕತೊಡಗುತ್ತದೆ. ಆಗ ಒಂದೊಂದನ್ನೇ ಆರಿಸಿ ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ಬಿದಿರಿನ ತಟ್ಟೆಗೆ, ಬಿಡಬೇಕು. ತಡವಾದರೆ ಹುಳ ಸೊಪ್ಪಿನ ಸಂದಿಯಲ್ಲೇ ನೂಲು ಬಿಟ್ಟು ಹಾಳಾಗುತ್ತದೆ.

ತಂಗಿ ತೆಗೆದುಕೊಳ್ಳುತ್ತಿದ್ದುದು ಸಣ್ಣ ಬಿಳಿ ಮಾತ್ರೆ. ಸಂಜೆ ಊಟವಾದ ಮೇಲೆ ಒಂದು. ಅದನ್ನು ಶುರು ಮಾಡಿದ ಮೇಲೆ ವರ್ಷಕ್ಕೆ ಒಂದು ಸಲ ಫಿಟ್ಸ್ ಬಂದರೆ ಹೆಚ್ಚು. ಆದರೆ ಮಾತ್ರೆ ನುಂಗಿದ ಅರ್ಧ ಗಂಟೆಗೆ ಅವಳ ರೆಪ್ಪೆ ಭಾರವಾಗುತ್ತಿತ್ತು. ವಯಸ್ಸು ಐವತ್ತು ದಾಟಿದ ಮೇಲಂತೂ ಬೆಳಗ್ಗೆ ಎಬ್ಬಿಸುವುದೇ ಕಷ್ಟವಾಗಿತ್ತು. ಕೊನೆಯ ವಾರದಲ್ಲಿ ಆಳು ಸಿಗುತ್ತಿರಲಿಲ್ಲ. ಒಂದು ಬೆಳೆಯಲ್ಲಿ ನಾನೇ ಹೇಳಿದೆ.

"ಅಮ್ಮಣ್ಣಿ, ಈ ನಾಲ್ಕು ದಿನ ಮಾತ್ರೆ ಬಿಟ್ಬಿಡು. ಹುಳ ಹಣ್ಣಾಗ್ಲಿ, ಆಮೇಲೆ ತಗೊಳ್ಳುವಂತೆ."

"ಒಂದಿನಾನೂ ಬಿಡಬಾರ್ದು ಅಂತ ಡಾಕ್ಟ್ರು ಹೇಳವ್ರೆ ಕಣಣ್ಣ."

"ಡಾಕ್ಟ್ರು ಬಂದು ಹುಳ ಆರಿಸ್ತಾರಾ?"

ಅವಳು ನಕ್ಕಳು. ನಾನೂ ನಕ್ಕೆ. ನಾಲ್ಕು ದಿನ ಬಿಟ್ಟಳು, ಏನೂ ಆಗಲಿಲ್ಲ. ಮುಂದಿನ ಬೆಳೆಯಲ್ಲೂ ಬಿಡಿಸಿದೆ. ಆಗಲೂ ಏನೂ ಆಗಲಿಲ್ಲ. ಹೀಗೆ ಅದು ನಮ್ಮ ಮನೆಯಲ್ಲಿ ಒಂದು ಪದ್ಧತಿಯಾಯಿತು. ನಾಲ್ಕನೇ ಜ್ವರ ಎದ್ದು ಮೂರು ದಿನವಾದ ಮೇಲೆ ಮಾತ್ರೆಯ ಹಾಳೆಯನ್ನು ನಾನು ತೆಗೆದು ನನ್ನ ಅಂಗಿಯ ಜೇಬಿನಲ್ಲಿಟ್ಟುಕೊಳ್ಳುತ್ತಿದ್ದೆ. ಅವಳು ಅಭ್ಯಾಸಬಲದಿಂದ ನುಂಗಿಬಿಟ್ಟಾಳು ಎಂದು. ಕೊನೆಯ ಚಂದ್ರಿಕೆ ತುಂಬಿದ ದಿನ ವಾಪಸು ಕೊಡುತ್ತಿದ್ದೆ.

ಆ ಸಲ ಚಳಿ ಹೆಚ್ಚಿತ್ತು. ಚಳಿಗೆ ಹುಳ ಮೇಯುವುದು ನಿಧಾನ, ಹಣ್ಣಾಗುವುದೂ ನಿಧಾನ. ನಾಲ್ಕು ದಿನ ಎಂದುಕೊಂಡದ್ದು ಎಂಟು ದಿನವಾಯಿತು. ಎಂಟು ದಿನವೂ ಮಾತ್ರೆ ನನ್ನ ಜೇಬಿನಲ್ಲಿತ್ತು. ಎಂಟು ದಿನವೂ ಅವಳು ಸರಿಯಾಗಿ ಮಲಗಲಿಲ್ಲ. ಆರನೆಯ ದಿನ ಅವಳ ಬೆರಳು ಆಗಾಗ ತಾನಾಗಿ ಜಗ್ಗುತ್ತಿದ್ದುದನ್ನು ನೋಡಿದೆ. ನೋಡಿಯೂ ಸೊಪ್ಪಿನ ಕಂತೆಯನ್ನು ಅವಳ ಕೈಗೆ ಕೊಟ್ಟೆ.

ಎಂಟನೆಯ ದಿನ ಬೆಳಗ್ಗೆ ಹುಳ ಹಣ್ಣಾಯಿತು. ಎದುರು ಮನೆಯವಳು ಇನ್ನಿಬ್ಬರು ಹೆಂಗಸರನ್ನು ಕರೆದುಕೊಂಡು ಬಂದು ಆರಿಸಲು ಕೂತಳು. ಅವಳ ಮನೆಮಾತು ತೆಲುಗು, ಬಾಯಿ ಜೋರು, ಮನಸ್ಸು ಒಳ್ಳೆಯದು. ತಂಗಿ ಒಂದು ತಟ್ಟೆ ಮುಗಿಸಿ ಎದ್ದವಳು ಹಾಗೇ ಸೊಪ್ಪಿನ ಮೇಲೆ ಬಿದ್ದಳು. ಕೈಕಾಲು ಸೆಟೆದು ಅದುರತೊಡಗಿತು. ನಾನು ಮಾಮೂಲಿನಂತೆ ಬೀಗದ ಕೈ ಗೊಂಚಲನ್ನು ಅವಳ ಮುಷ್ಟಿಯಲ್ಲಿಟ್ಟು ಪಕ್ಕದಲ್ಲಿ ಕುಕ್ಕರಿಸಿದೆ. ಅವಳ ಫಿಟ್ಸ್ ಎರಡು ನಿಮಿಷಕ್ಕೆ ನಿಲ್ಲುತ್ತಿತ್ತು. ಕಬ್ಬಿಣದಿಂದ ನಿಲ್ಲುತ್ತದೆ ಎಂದು ನಾವು ನಂಬಿದ್ದೆವು. ಆ ದಿನ ನಿಲ್ಲಲಿಲ್ಲ. ಸ್ವಲ್ಪ ಸಡಿಲವಾಯಿತು, ಕಣ್ಣು ಬಿಡುವ ಮೊದಲೇ ಮತ್ತೆ ಶುರುವಾಯಿತು.

ಹೆಂಗಸರು ಕೆಲಸ ಬಿಟ್ಟು ಎದ್ದು ನಿಂತಿದ್ದರು. ಆಗ ನಾನು ಆಡಿದ ಮಾತು ಇದು: "ನಿಂತೋಗುತ್ತೆ, ಯಾವಾಗ್ಲೂ ನಿಂತೋಗುತ್ತೆ. ನೀವು ಹುಳ ಬಿಡಬೇಡ್ರಮ್ಮ, ಆರಿಸ್ತಾ ಇರಿ."

ಎದುರು ಮನೆಯವಳು ಕೈಯಲ್ಲಿದ್ದ ಹುಳಗಳನ್ನು ನೆಲಕ್ಕೆ ಸುರಿದಳು. "ಮನಿಷಿ ಪೋತಾ ಉಂದಿ, ನೀಕು ಪುರುಗುಲಾ!" ಎಂದು ಕಿರುಚಿದಳು. ಮನುಷ್ಯರ ಜೀವವೇ ಹೋಗುತ್ತಿದೆ, ನಿನಗೆ ಹುಳದ ಚಿಂತೆಯಾ ಎಂದು. ನಾನು ಅವಳ ಮೇಲೆ ರೇಗಿದೆ. "ಬಾಯಿ ಮುಚ್ಚೇ, ನಮ್ಮನೆ ವಿಷ್ಯ ನಿನಗೇನು ಗೊತ್ತು" ಎಂದೆ. ಅವಳು ನನ್ನನ್ನು ಕೇಳದೆ ಹೊರಗೆ ಓಡಿ, ಗೂಡು ಸಾಗಿಸುವ ಗೂಡ್ಸ್ ಆಟೋದವನನ್ನು ಕರೆತಂದಳು. ಅಷ್ಟರಲ್ಲಿ ಅರ್ಧ ಗಂಟೆಯ ಮೇಲಾಗಿತ್ತು.

ಶಿಡ್ಲಘಟ್ಟದ ಆಸ್ಪತ್ರೆಯಲ್ಲಿ ಎರಡು ಇಂಜೆಕ್ಷನ್ ಕೊಟ್ಟರು. ಅದುರುವುದು ಕಡಿಮೆಯಾಯಿತು, ಪೂರ್ತಿ ನಿಲ್ಲಲಿಲ್ಲ. ಆಂಬುಲೆನ್ಸ್‌ನಲ್ಲಿ ಹಾಕಿ ಚಿಕ್ಕಬಳ್ಳಾಪುರಕ್ಕೆ ಕಳಿಸಿದರು. ಅಲ್ಲಿನ ಐಸಿಯುನಲ್ಲಿ ಅವಳ ಬಾಯಿಗೆ ಕೊಳವೆ ಹಾಕಿ ಉಸಿರಾಟದ ಮೆಷಿನ್‌ಗೆ ಜೋಡಿಸಿದರು. ಇಷ್ಟೆಲ್ಲ ಆದ ಮೇಲೆ ಡಾಕ್ಟರಮ್ಮ ಹೊರಗೆ ಬಂದರು. ಮೂವತ್ತು ದಾಟಿರದ ಹೆಣ್ಣುಮಗಳು, ಕಣ್ಣ ಕೆಳಗೆ ನಿದ್ದೆಗೆಟ್ಟ ಕಪ್ಪು.

"ಮಾತ್ರೆ ಯಾವುದು ತಗೋತಾರೆ?"

ನಾನು ಜೇಬಿನಿಂದ ಹಾಳೆ ತೆಗೆದು ಕೊಟ್ಟೆ. ಅವರು ತಿರುಗಿಸಿ ನೋಡಿದರು.

"ಇದನ್ನ ಏನಾದ್ರೂ ಬಿಟ್ಟಿದ್ರಾ ತಾತ? ಒಂದೆರಡು ದಿನ ಆದ್ರೂ? ನಾನು ಬೈಯೋಕೆ ಕೇಳ್ತಿಲ್ಲ. ಟ್ರೀಟ್‌ಮೆಂಟ್ ಮಾಡೋಕೆ ಗೊತ್ತಾಗಬೇಕು."

ನನ್ನ ಹಿಂದೆ, ಜೊತೆಗೆ ಬಂದಿದ್ದ ಊರಿನ ಇಬ್ಬರು ನಿಂತಿದ್ದರು. ನಿಜ ಹೇಳಿದರೆ ಸಂಜೆಯೊಳಗೆ ಹಾಲಿನ ಡೈರಿಯಲ್ಲಿ ಮಾತಾಗುತ್ತದೆ ಎಂದು ನನಗೆ ಹೊಳೆಯಿತು. ತಂಗಿಯ ಬಾಯಿಗೆ ಕೊಳವೆ ಹಾಕಿದ್ದಾರೆ, ನನಗೆ ಡೈರಿಯ ಯೋಚನೆ.

"ಇಲ್ಲಮ್ಮ. ದಿನಾ ತಗೋತಾಳೆ. ಒಂದಿನಾನೂ ತಪ್ಸಿಲ್ಲ" ಎಂದೆ.

ಅದು ಮೊದಲನೆಯ ಸುಳ್ಳು. ಅದರಿಂದ ಏನಾಯಿತು ಎಂಬುದನ್ನು ಬರೆಯಲೇಬೇಕು. ದಿನವೂ ಮಾತ್ರೆ ನುಂಗುತ್ತಿದ್ದವಳಿಗೆ ಹೀಗಾಗಿದೆ ಎಂದರೆ ಬೇರೆ ಏನೋ ಇರಬೇಕು ಎಂದು ಅವರು ಹುಡುಕತೊಡಗಿದರು. ತಲೆಯ ಸ್ಕ್ಯಾನ್ ಮಾಡಿಸಿದರು. ಮಿದುಳಿಗೆ ಸೋಂಕು ತಗುಲಿದೆಯೇ ಎಂದು ಬೆನ್ನುಮೂಳೆಗೆ ಸೂಜಿ ಹಾಕಿ ನೀರು ತೆಗೆದರು. ಅದಕ್ಕೆ ನಾನೇ ಸಹಿ ಹಾಕಿದೆ. ಬೇಡದ ಸೂಜಿ ಅದು ಎಂದು ಆ ಆಸ್ಪತ್ರೆಯಲ್ಲಿ ಗೊತ್ತಿದ್ದದ್ದು ನನಗೊಬ್ಬನಿಗೆ. ಗೊತ್ತಿದ್ದೂ ಹೆಸರು ಬರೆದು, ತಂದೆಯ ಹೆಸರು ಬರೆದು, ತಾರೀಕು ಹಾಕಿ ಕೊಟ್ಟೆ.

ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ ಐದು ನಿಮಿಷ ಒಳಗೆ ಬಿಡುತ್ತಿದ್ದರು. ಮೊದಲ ಸಲ ನೋಡಿದಾಗ ತಂಗಿಯ ಮೈ ಅಲ್ಲಾಡುತ್ತಿರಲಿಲ್ಲ. ತಲೆಯ ತುಂಬ ವೈರು ಅಂಟಿಸಿದ್ದರು. ನಿಂತಿತಲ್ಲ ಎಂದು ನಾನು ಡಾಕ್ಟರಮ್ಮನಿಗೆ ಹೇಳಿದೆ.

"ಮೈ ಅದುರೋದು ನಿಂತಿದೆ ತಾತ. ತಲೆ ಒಳಗೆ ನಿಂತಿಲ್ಲ. ಇಲ್ನೋಡಿ." ಪಕ್ಕದ ಪರದೆಯಲ್ಲಿ ಗೆರೆಗಳು ಒತ್ತೊತ್ತಾಗಿ ಎದ್ದು ಬಿದ್ದು ಓಡುತ್ತಿದ್ದವು. "ಫಿಟ್ಸ್ ಐದು ನಿಮಿಷ ದಾಟಿದ್ರೆ ತಾನಾಗೇ ನಿಲ್ಲೋದು ಕಷ್ಟ. ಹೊತ್ತಾದಷ್ಟೂ ಔಷಧ ಕೇಳಲ್ಲ. ಅದಕ್ಕೇ ಪೂರ್ತಿ ನಿದ್ದೆಗೆ ಹಾಕಿದೀವಿ. ನಿಧಾನಕ್ಕೆ ಔಷಧ ಇಳಿಸ್ತೀವಿ. ಇಳಿಸಿದಾಗ ಈ ಗೆರೆ ಸುಮ್ಮನಿದ್ರೆ ಒಳ್ಳೇದು."

ಮೂವತ್ತು ನಿಮಿಷ ಬೀಗದ ಕೈ ಹಿಡಿಸಿ ಕೂತಿದ್ದವನು ನಾನು. ತಲೆಯಾಡಿಸಿ ಹೊರಗೆ ಬಂದೆ.

ಊರಿನವರು ಅದೇ ದಿನ ಹೊರಟುಹೋದರು. ಅವರವರ ಹುಳ ಅವರವರಿಗೆ. ಐಸಿಯು ಹೊರಗೆ ಒಂದು ಕಬ್ಬಿಣದ ಬೆಂಚು. ಅದರ ಮೇಲೆ ನನ್ನ ಜೊತೆ ಶಿಡ್ಲಘಟ್ಟದ ಒಬ್ಬ ಮುಸ್ಲಿಂ ಹೆಂಗಸು ಕೂರುತ್ತಿದ್ದರು. ನನ್ನಷ್ಟೇ ವಯಸ್ಸು. ಅವರ ಯಜಮಾನರು ಉಸಿರಾಟದ ತೊಂದರೆಯಿಂದ ಒಳಗಿದ್ದರು. ನಾನು ಹುಳ ಸಾಕುವವನು ಎಂದು ತಿಳಿದು ಅವರು ಹುಬ್ಬೇರಿಸಿದರು.

"ನಮ್ದು ನೂಲು ತೆಗೆಯೋ ಫಿಲೇಚರ್. ನಿಮ್ಮ ಕಡೆ ಗೂಡು ನೋಡಿ ಮೂವತ್ತು ವರ್ಷ ಬೈದಿದೀನಿ. ಮೇಲ್ಮೇಲೆ ಚೆನ್ನಾಗಿರೋದು ಇಟ್ಟು ಕೆಳಗೆ ಎರಡು ಹುಳ ಸೇರಿ ಕಟ್ಟಿದ ಡಬ್ಬಲ್ ಗೂಡು ಹಾಕ್ತೀರಲ್ಲ?"

"ನಾನಲ್ಲ ಬಿಡಿ ಅಮ್ಮ."

"ಎಲ್ಲಾರೂ ಹಂಗೇ ಹೇಳ್ತಾರೆ" ಎಂದು ನಕ್ಕು, ತಮ್ಮ ಫ್ಲಾಸ್ಕಿನಿಂದ ನನಗೆ ಟೀ ಬಗ್ಗಿಸಿಕೊಟ್ಟರು. ಆ ಮೂರು ದಿನದಲ್ಲಿ ನನಗೆ ನಗು ಬಂದದ್ದು ಅದೊಂದು ಸಲ. ಆಮೇಲೆ ಅವರು ತಮ್ಮ ಯಜಮಾನರ ಕಥೆ ಹೇಳಿದರು. "ಬೀಡಿ ಬಿಟ್ಟು ಒಂದ್ವರ್ಷ ಆಯ್ತು ಅಂತ ಡಾಕ್ಟ್ರಿಗೆ ಹೇಳಿದ್ರು ನಮ್ಮನೆಯವ್ರು. ನಾನು ಅವ್ರ ಜೇಬಿಂದಾನೇ ಕಟ್ಟು ತೆಗೆದು ಮೇಜಿನ ಮೇಲಿಟ್ಟೆ. ಜಗಳ ಆಮೇಲೆ ಮಾಡ್ಕೊಳಣ, ಮೊದ್ಲು ಬದುಕ್ಕೋ ಅಂದೆ."

ಮರುದಿನ ಅವರ ಯಜಮಾನರನ್ನು ವಾರ್ಡಿಗೆ ಹಾಕಿದರು. ಅವರು ಫ್ಲಾಸ್ಕು, ಚಾಪೆ ಎಲ್ಲ ತೆಗೆದುಕೊಂಡು, ನಿಮ್ಮ ತಂಗಿಗೂ ಗುಣ ಆಗುತ್ತೆ ಎಂದು ಹೇಳಿ ಹೋದರು. ಬೆಂಚು ಪೂರ್ತಿ ನನ್ನದಾಯಿತು. ಅಷ್ಟು ಉದ್ದದ ಬೆಂಚಿನ ಒಂದು ತುದಿಯಲ್ಲೇ ನಾನು ಕೂತಿರುತ್ತಿದ್ದೆ. ಮಾತಾಡಿಸುವವರಿಲ್ಲದಾಗ, ಹೇಳದೆ ಇಟ್ಟುಕೊಂಡ ಮಾತೊಂದೇ ಪಕ್ಕದಲ್ಲಿ ಕೂರುತ್ತದೆ.

ಎರಡನೆಯ ದಿನ ನಿದ್ದೆಯ ಔಷಧ ಇಳಿಸಿದಾಗ ಪರದೆಯ ಗೆರೆಗಳು ಮತ್ತೆ ಎದ್ದವು. ಮತ್ತೆ ಏರಿಸಿದರು. ಮೂರನೆಯ ದಿನ ಬೆಳಗ್ಗೆಯೂ ಹಾಗೇ ಆಯಿತು. ಆಗ ಡಾಕ್ಟರಮ್ಮ ಹೇಳಿದರು, "ಮಾತ್ರೆ ಅಂಶ ರಕ್ತದಲ್ಲಿ ಎಷ್ಟಿದೆ ನೋಡೋಕೆ ಮೊದಲ ದಿನದ ಸ್ಯಾಂಪಲ್ ಬೆಂಗಳೂರಿಗೆ ಕಳಿಸಿದ್ವಿ. ಇವತ್ತು ಮಧ್ಯಾಹ್ನ ರಿಪೋರ್ಟ್ ಬರುತ್ತೆ."

ಪಶ್ಚಾತ್ತಾಪದಿಂದ ಬಾಯಿ ಬಿಟ್ಟೆ ಎಂದು ಬರೆದರೆ ಇದೂ ಒಂದು ಸುಳ್ಳಾಗುತ್ತದೆ. ರಿಪೋರ್ಟ್ ಬರುತ್ತದೆ, ಸಿಕ್ಕಿಬೀಳುತ್ತೇನೆ ಎಂಬ ಹೆದರಿಕೆಯಿಂದ ಬಾಯಿ ಬಿಟ್ಟೆ.

"ಅಮ್ಮ, ಎಂಟು ದಿನದಿಂದ ಅವಳು ಮಾತ್ರೆ ತಗೊಂಡಿರ್ಲಿಲ್ಲ."

ಅವರು ಕಣ್ಣು ಮುಚ್ಚಿ ತೆರೆದರು. "ಎಂಟು ದಿನಾನಾ? ತಾತ, ಈ ಮಾತ್ರೇನ ದಿಢೀರಂತ ನಿಲ್ಸಿದ್ರೇನೇ ಹಿಂಗಾಗೋದು. ಮೊದಲ ದಿನಾನೇ ಹೇಳಿದ್ರೆ ಇದೇ ಔಷಧಾನ ರಕ್ತಕ್ಕೆ ಕೊಡ್ತಿದ್ದೆ. ಯಾಕೆ ಬಿಟ್ರು ಅವರು?"

ಇಲ್ಲಿ ನನಗೆ ಇನ್ನೊಂದು ಅವಕಾಶವಿತ್ತು. ಸುತ್ತ ಯಾರೂ ಇರಲಿಲ್ಲ. ಅವರು ಬೈಯುವವರಂತೆಯೂ ಇರಲಿಲ್ಲ.

"ಹುಳದ ಕೆಲಸ ನೋಡಿ. ಮರ್ತುಬಿಟ್ಟಿದಾಳೆ" ಎಂದೆ.

ಅದು ಎರಡನೆಯ ಸುಳ್ಳು. ಅರ್ಧ ನಿಜ ಹೇಳಿ ಜೀವ ಉಳಿಸಿದೆ ಎಂದು ಆಗ ಸಮಾಧಾನ ಮಾಡಿಕೊಂಡೆ. ಅವರು ಓಡುವಂತೆ ಒಳಗೆ ಹೋದರು. ಅದೇ ಔಷಧವನ್ನು ನರಕ್ಕೆ ಕೊಟ್ಟರು. ಸಂಜೆ ಐದು ನಿಮಿಷಕ್ಕೆ ಒಳಗೆ ಬಿಟ್ಟಾಗ ಗೆರೆಗಳು ತಗ್ಗಿದ್ದವು. ಮರುದಿನ ನಿದ್ದೆಯ ಔಷಧ ಇಳಿಸಿದಾಗಲೂ ಏಳಲಿಲ್ಲ. ಆರನೆಯ ದಿನ ಬಾಯಿಯ ಕೊಳವೆ ತೆಗೆದರು.

ಅವಳು ಕಣ್ಣು ಬಿಟ್ಟಾಗ ನಾನು, ಡಾಕ್ಟರಮ್ಮ ಇಬ್ಬರೂ ಪಕ್ಕದಲ್ಲಿದ್ದೆವು. ಗಂಟಲು ಕಟ್ಟಿತ್ತು, ಮಾತು ಗಾಳಿಯಂತೆ ಬರುತ್ತಿತ್ತು. ಸಂಕ್ರಾಂತಿ ಆಯಿತಾ ಎಂದು ಕೇಳಿದಳು. ಸಂಕ್ರಾಂತಿ ಕಳೆದು ಮೂರು ವಾರವಾಗಿತ್ತು. ಆ ಬೆಳೆಯ ಹುಳ ಮನೆಗೆ ತಂದದ್ದೂ ಅವಳಿಗೆ ನೆನಪಿರಲಿಲ್ಲ.

ಡಾಕ್ಟರಮ್ಮ ಅವಳ ಹಣೆಯ ಮೇಲೆ ಕೈಯಿಟ್ಟು, "ಎಲ್ಲರನ್ನೂ ಹೆದರಿಸಿಬಿಟ್ರಲ್ಲಮ್ಮ. ಎಂಟು ದಿನ ಮಾತ್ರೆ ಮರೆಯೋದಾ?" ಎಂದರು.

ತಂಗಿ ನನ್ನ ಕಡೆ ತಿರುಗಿದಳು. ಅವಳ ಕಣ್ಣಿನಲ್ಲಿ ಆರೋಪವಿದ್ದಿದ್ದರೆ ನಾನು ಅಲ್ಲೇ ಕುಸಿಯುತ್ತಿದ್ದೆ. ಇರಲಿಲ್ಲ. ತನಗೆ ಗೊತ್ತಿಲ್ಲದ್ದು ಅಣ್ಣನಿಗೆ ಗೊತ್ತಿರುತ್ತದೆ ಎನ್ನುವಂತೆ ಕೇಳಿದಳು.

"ಮರ್ತೋಗಿದ್ನಾ ಅಣ್ಣ?"

ನಾನು ಹೌದೆಂದು ತಲೆಯಾಡಿಸಿದೆ.

"ತಪ್ಪಾಯ್ತು ಕಣಣ್ಣ. ನಿನಗೆ ಎಷ್ಟು ಕಷ್ಟ ಕೊಟ್ಟೆ ನೋಡು. ಹುಳ ಏನಾಯ್ತೋ ಏನೋ."

"ಹೋಗ್ಲಿ ಬಿಡು ಅಮ್ಮಣ್ಣಿ. ಆಗಿದ್ದು ಆಗೋಯ್ತು" ಎಂದೆ.

ನಾನು ಅವಳನ್ನು ಕ್ಷಮಿಸಿದೆ. ಸುಳ್ಳು ಹೇಳಿದ್ದಕ್ಕಿಂತ ಇದು ದೊಡ್ಡದು. ತಪ್ಪು ಮಾಡದವಳ ತಪ್ಪನ್ನು ನಾನು ದೊಡ್ಡ ಮನಸ್ಸಿನಿಂದ ಮನ್ನಿಸಿಬಿಟ್ಟೆ. ನರ್ಸಮ್ಮ ಒಬ್ಬರು, ಅಣ್ಣ ಅಂದ್ರೆ ಹಿಂಗಿರಬೇಕು ಎಂದರು.

ಮನೆಗೆ ಬಂದ ಮೇಲೆ ತಂಗಿ ಮೊದಲಿನಂತಾಗಲಿಲ್ಲ. ಬಲಗೈ ಬೆರಳುಗಳಲ್ಲಿ ಹಿಡಿತವಿರಲಿಲ್ಲ. ಹಣ್ಣಾದ ಹುಳವನ್ನು ಎತ್ತಲು ಹೋದರೆ ಒಂದೋ ಜಾರುತ್ತಿತ್ತು, ಇಲ್ಲವೇ ಹಿಚುಕಿಹೋಗುತ್ತಿತ್ತು. ಎರಡು ಸಲ ಪ್ರಯತ್ನಿಸಿ ಹುಳು ಮನೆಗೆ ಬರುವುದನ್ನೇ ಬಿಟ್ಟಳು. ಬಾಗಿಲ ಹೊರಗೆ ಕೂತು, ಒಳಗಿನ ಸದ್ದು ಕೇಳಿ, "ಇನ್ನೊಂದು ಕಂತೆ ಹಾಕಣ್ಣ, ಹಸಿದವೆ" ಎನ್ನುತ್ತಿದ್ದಳು. ಇಂದಿನ ಮಾತು ಇಂದೇ ಮರೆಯುತ್ತಿದ್ದಳು. ಮಾತ್ರೆ ನುಂಗಿದೆನಾ ಎಂದು ಸಂಜೆಗೆ ಹತ್ತು ಸಲ ಕೇಳುತ್ತಿದ್ದಳು. ಮರೆಯದೆ ಉಳಿದದ್ದು ಒಂದೇ: ತಾನು ಮಾತ್ರೆ ಮರೆತು ಅಣ್ಣನಿಗೆ ತೊಂದರೆ ಕೊಟ್ಟೆ ಎಂಬುದು. ಗೌರಿಬಿದನೂರಿನಲ್ಲಿ ನೆಂಟರ ಗೃಹಪ್ರವೇಶಕ್ಕೆ ಹೋದಾಗ ಊಟದ ಪಂಕ್ತಿಯಲ್ಲಿ ಕೂತು ಎಲ್ಲರಿಗೂ ಅದನ್ನೇ ಹೇಳಿದಳು. "ನಮ್ಮಣ್ಣ ಆಗಿದ್ದಕ್ಕೆ ಸಹಿಸ್ಕೊಂಡ. ಬೇರೆಯವರಾಗಿದ್ರೆ ಆಚೆಗೆ ಹಾಕ್ತಿದ್ರು." ಪಕ್ಕದ ಎಲೆಯವರು ನನ್ನನ್ನು ಮೆಚ್ಚಿ ನೋಡಿದರು. ನಾನು ತಲೆ ತಗ್ಗಿಸಿ ಅನ್ನ ಕಲಸಿದೆ.

ಒಂದು ವರ್ಷದ ಮೇಲೆ ಚೆಕಪ್ಪಿಗೆ ಚಿಕ್ಕಬಳ್ಳಾಪುರಕ್ಕೆ ಹೋದಾಗ, ಅವಳನ್ನು ಹೊರಗೆ ಕೂರಿಸಿ ನಾನೊಬ್ಬನೇ ಒಳಗೆ ಹೋದೆ. ಅದೇ ಡಾಕ್ಟರಮ್ಮ. ಮಾತ್ರೆ ಅವಳು ಮರೆತದ್ದಲ್ಲ, ನಾನು ಜೇಬಿನಲ್ಲಿಟ್ಟುಕೊಂಡಿದ್ದೆ ಎಂದು ಹೇಳಿ ಕೈ ಮುಗಿದೆ. ಅವರು ಪೆನ್ನು ಕೆಳಗಿಟ್ಟರು.

"ನನಗ್ಯಾಕೆ ಕೈ ಮುಗೀತೀರಾ ತಾತ? ಅವರಿಗೆ ಹೇಳಿದೀರಾ?"

"ಇಲ್ಲಮ್ಮ."

"ಬಾಗಿಲ ಆಚೆ ಕೂತಿದಾರಲ್ಲ. ಹೋಗಿ ಹೇಳಿ. ಈಗಲೇ ಹೇಳಿ."

ಹೇಳುತ್ತೇನೆ ಎಂದು ಎದ್ದು ಬಂದೆ. ಬಾಗಿಲಿನಿಂದ ಅವಳ ಬೆಂಚಿಗೆ ಹತ್ತು ಹೆಜ್ಜೆ. ಅವಳು ನನ್ನ ಮುಖ ನೋಡಿ ಗಾಬರಿಯಾಗಿ ಎದ್ದಳು.

"ಡಾಕ್ಟ್ರು ಬೈದ್ರಾ ಅಣ್ಣ? ನಾನು ಮಾತ್ರೆ ಮರ್ತಿದ್ದಕ್ಕೆ ನಿನ್ನ ಬೈದ್ರಾ?"

ಹೇಳಬೇಕೆಂದಿದ್ದ ಮಾತನ್ನು ಅಲ್ಲೇ ನಿಲ್ಲಿಸಿದೆ. ಅವಳಿಗೆ ನೋವಾಗುತ್ತದೆ ಎಂದು ನಿಲ್ಲಿಸಿದೆ ಎಂದು ಬಹಳ ದಿನ ಅಂದುಕೊಂಡಿದ್ದೆ. ಅಲ್ಲ. ನನ್ನನ್ನು ಹಾಗೆ ಕಕ್ಕುಲಾತಿಯಿಂದ ನೋಡುವ ಕಣ್ಣು ಲೋಕದಲ್ಲಿ ಇನ್ನೊಂದಿರಲಿಲ್ಲ. ಅದು ಬದಲಾಗುವುದನ್ನು ನೋಡುವ ಧೈರ್ಯ ನನಗಿರಲಿಲ್ಲ.

"ಇಲ್ಲ ಬಾ, ಬಸ್ಸು ಹೊರಟೋಗುತ್ತೆ" ಎಂದೆ.

ಅದಾಗಿ ಎರಡು ವರ್ಷಕ್ಕೆ, ಒಂದು ಮಧ್ಯಾಹ್ನ ಊಟ ಮಾಡಿ ಒರಗಿದವಳು ಏಳಲಿಲ್ಲ. ಹೃದಯ ನಿಂತಿದೆ ಎಂದರು. ಹಿಂದಿನ ದಿನದ ಮಾತ್ರೆ ನುಂಗಿದ್ದಳು. ಅವಳು ಹೋದ ಮೇಲೆ ಒಂದು ಬೆಳೆ ಇಟ್ಟೆ. ಹುಳ ಮೇಯುವ ಸದ್ದಿನಲ್ಲಿ ನನಗೆ ಏನೂ ತಿಳಿಯುತ್ತಿರಲಿಲ್ಲ. ಆ ಬೆಳೆಗೇ ನಿಲ್ಲಿಸಿದೆ.

ಎದುರು ಮನೆಯವಳ ಮೇಲೆ ರೇಗಿದ್ದಕ್ಕೆ ಅವಳ ಜಗಲಿಗೆ ಹೋಗಿ ತಪ್ಪಾಯಿತು ಎಂದಿದ್ದೇನೆ. "ಪೋನೀ ಅಣ್ಣಾ, ಹೋಗ್ಲಿ ಬಿಡು, ಅದ್ಯಾವ ಕಾಲದ್ದು" ಎಂದು ಅವಳು ಮಜ್ಜಿಗೆ ಕೊಟ್ಟಳು. ಡಾಕ್ಟರಮ್ಮನಿಗೆ ಕೈ ಮುಗಿದಿದ್ದೇನೆ. ದೇವರಿಗೆ ಅಡ್ಡಬಿದ್ದಿದ್ದೇನೆ. ಕೇಳುವುದು ಸುಲಭವಿದ್ದ ಕಡೆಯಲ್ಲೆಲ್ಲ ಕ್ಷಮೆ ಕೇಳಿದ್ದೇನೆ. ಮಾಡದ ತಪ್ಪಿಗೆ ಮೂರು ವರ್ಷ ನನ್ನ ಮುಂದೆ ತಲೆ ತಗ್ಗಿಸಿಕೊಂಡಿದ್ದು, ನಾನು ಕ್ಷಮಿಸಿದೆನೆಂದು ನಂಬಿಯೇ ಕಣ್ಣು ಮುಚ್ಚಿದವಳು ಒಬ್ಬಳಿದ್ದಾಳೆ. ಅವಳನ್ನು ಮಾತ್ರ ಒಮ್ಮೆಯೂ ಕೇಳಲಿಲ್ಲ. ಅವಳು ನನ್ನ ಒಡಹುಟ್ಟಿದ ತಂಗಿ, ನಮ್ಮ ಅಮ್ಮಣ್ಣಿ.